ಗ್ರಂಥಚಿತ್ರಗಳಲ್ಲಿ ನೆಲೆಗೊಂಡ ನೃತ್ಯ

ಗ್ರಂಥದೊಳಗಿನ ಚಿತ್ರವು ಬರಹಕ್ಕೆ ತೊಡಿಸಿದ ಒಡವೆ ಮಾತ್ರವೆಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಇದು ಎಷ್ಟು ಸಂಕುಚಿತವಾದುದೆಂಬುದನ್ನು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಪ್ಯಾರಿಸ್ ನಗರದಲ್ಲಿ ಪ್ರಕಟವಾದ ಬ್ಯಾಲೆ ನೃತ್ಯದ ಚಿತ್ರಗ್ರಂಥಗಳು ತೋರಿಸಿಕೊಡುತ್ತವೆ.

ಸೆರ್ಗೇ ದಿಯಾಘಿಲೆವ್ 1909ರಲ್ಲಿ ರಷ್ಯದ ನರ್ತಕರ ತಂಡವೊಂದನ್ನು ಪ್ಯಾರಿಸ್ಸಿಗೆ ಕರೆತಂದನು. 1910ರ ‘ಷೆಹೆರಜಾದೆ’ ನೃತ್ಯರೂಪಕಕ್ಕೆ ಲಿಯೋನ್ ಬಾಕ್ಸ್ಟ್ ರಚಿಸಿದ ರಂಗಸಜ್ಜಿಕೆ ಹಾಗೂ ಉಡುಪುಗಳ ಉಜ್ವಲ ವರ್ಣಗಳು ಪ್ರೇಕ್ಷಕರನ್ನು ಬೆರಗುಗೊಳಿಸಿದವು. ತಂಡದ ಶ್ರೇಷ್ಠ ನರ್ತಕ ವಾಸ್ಲಾವ್ ನಿಜಿನ್ಸ್ಕಿಯ ನೆಗೆತವಂತೂ ಮನೆಮಾತಾಯಿತು. ಆದರೆ ನೃತ್ಯವು ಕ್ಷಣಜೀವಿ. ತೆರೆ ಬಿದ್ದೊಡನೆ ಅದು ಇಲ್ಲವಾಗುತ್ತದೆ. 1917ರ ತರುವಾಯ ಮನೋರೋಗಕ್ಕೆ ತುತ್ತಾದ ನಿಜಿನ್ಸ್ಕಿ ಮತ್ತೆ ರಂಗವನ್ನೇರದೆ 1950ರಲ್ಲಿ ತೀರಿಕೊಂಡನು. ಆತನ ನರ್ತನದ ಚಲನಚಿತ್ರವೊಂದೂ ಉಳಿದುಬಂದಿಲ್ಲ. ಉಳಿದಿರುವ ಛಾಯಾಚಿತ್ರಗಳು ಬಹುಮಟ್ಟಿಗೆ ಕ್ಯಾಮೆರಾದ ಮುಂದೆ ನಿಂತ ವರ್ಣರಹಿತ ಭಂಗಿಗಳು.

ಈ ಕೊರತೆಯನ್ನು ತುಂಬಿದವರಲ್ಲಿ ಜಾರ್ಜ್ ಬಾರ್ಬಿಯೆ (1882–1932) ಪ್ರಮುಖನು. 1913ರಲ್ಲಿ ನಿಜಿನ್ಸ್ಕಿಯ ನೃತ್ಯಗಳನ್ನು ಕುರಿತು 12 ಚಿತ್ರಗಳ ಗ್ರಂಥವನ್ನೂ, 1914ರಲ್ಲಿ ನರ್ತಕಿ ತಮಾರಾ ಕಾರ್ಸಾವಿನಾಳಿಗೆ ಅರ್ಪಿಸಿದ ಸಂಪುಟವನ್ನೂ ಆತನು ಹೊರತಂದನು. ಬಾರ್ಬಿಯೆ ಕಂಡುದನ್ನು ಕಂಡಂತೆ ನಕಲು ಮಾಡಲಿಲ್ಲ. ಪ್ರಾಚೀನ ಗ್ರೀಕ್ ಹೂಜಿಗಳ ಮೇಲಿನ ರೇಖೆಯ ಖಚಿತತೆಯನ್ನೂ ಪರ್ಷಿಯದ ಕಿರುಚಿತ್ರಗಳ ವರ್ಣಸಮೃದ್ಧಿಯನ್ನೂ ಅರಗಿಸಿಕೊಂಡು, ಇಡೀ ನೃತ್ಯದಿಂದ ಒಂದು ಕ್ಷಣವನ್ನು ಆಯ್ದುಕೊಂಡನು. ಹಿಂದಿನ ಹೆಜ್ಜೆಯನ್ನೂ ಮುಂದಿನ ಹೆಜ್ಜೆಯನ್ನೂ ನೋಡುಗನೇ ಊಹಿಸಿಕೊಳ್ಳಬೇಕು. ಇಂತಹ ಚಿತ್ರ ಯಥಾರ್ಥ ದಾಖಲೆಯಲ್ಲವೆಂದು ಆಕ್ಷೇಪಿಸಬಹುದು. ಆಕ್ಷೇಪ ಸತ್ಯವೇ ಸರಿ. ಆದರೆ ಅದರಿಂದ ಚಿತ್ರದ ಬೆಲೆ ತಗ್ಗದು. ಸಹೃದಯನ ಅಂತರಂಗದಲ್ಲಿ ನೃತ್ಯವು ಒತ್ತಿದ ಮುದ್ರೆಯನ್ನು ಅದು ಕಾಪಾಡಿದೆ.

ಈ ಚಿತ್ರಗಳ ಹಿಂದಿನ ಪರಿಶ್ರಮವೂ ಸ್ಮರಣೀಯ. ‘ಪೊಶ್ವಾರ್’ ಎಂಬ ಆ ಕ್ರಮದಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ತೆಳುತಗಡುಗಳಲ್ಲಿ ಆಕಾರವನ್ನು ಕತ್ತರಿಸಿ, ಅವನ್ನು ಹಾಳೆಯ ಮೇಲಿರಿಸಿ, ಕುಂಚದಿಂದ ಬಣ್ಣ ಹಚ್ಚುತ್ತಿದ್ದರು. ಪ್ರತಿಯೊಂದು ಪ್ರತಿಗೂ ಇದೇ ಕೆಲಸ ಆಗಬೇಕು. ಒಂದು ತಗಡು ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಡುತ್ತಿತ್ತು. ಗ್ರಂಥದ ಮೇಲೆ ಬಾರ್ಬಿಯೆಯ ಹೆಸರಿದೆ. ಬಣ್ಣ ತುಂಬಿದ ಕೈಗಳ ಹೆಸರಿಲ್ಲ. ಕಾಯಕದ ಮಹಿಮೆಯನ್ನು ಬಲ್ಲವರು ಆ ಅಜ್ಞಾತ ಕೈಗಳನ್ನೂ ಕಲಾವಿದನೊಡನೆ ನೆನೆಯಬೇಕು.

ಆದುದರಿಂದ ಚಿತ್ರಗ್ರಂಥಗಳನ್ನು ಬಾಲವಿನೋದವೆಂದು ಶಾಲೆಯ ಗ್ರಂಥಾಲಯಗಳು ಬದಿಗಿರಿಸಲಾಗದು. ಅಕ್ಷರವನ್ನು ಓದಲು ಕಲಿಸುವಂತೆ ರೇಖೆಯನ್ನು ಓದಲೂ ಕಲಿಸುವುದು ಶಿಕ್ಷಣದ ಹೊಣೆ. ಕಾಲವು ಅಳಿಸಿದ ನೆಗೆತವೊಂದು ಹಾಳೆಯ ಮೇಲೆ ಇಂದಿಗೂ ನಿಂತಿರುವಾಗ, ಅದನ್ನು ಕಾಣುವ ಕಣ್ಣು ವಿದ್ಯಾರ್ಥಿಗಳಿಗೆ ದೊರೆಯಲೇಬೇಕು.