ಗೋಡೆ ಮೇಲಿನ ಗೆರೆ ನೋಡಿ, ಆಮೇಲೆ ಲೆವೆಲ್ ಏರಿಸಿ

ಕಳೆದ ಭಾನುವಾರ ಕಾಚಿಗುಡದಲ್ಲಿ ನಮ್ಮ ಕನ್ನಡದವರದ್ದೇ ಒಂದು ಕಾರ್ಯಕ್ರಮ. ಮುಗಿಸಿಕೊಂಡು ಹೊರಗೆ ಚಹಾ ಕುಡಿಯುತ್ತಾ ನಿಂತಿದ್ದಾಗ ಸಿಂಧನೂರು ಕಡೆಯ ಗೆಳೆಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗನಿಗೆ ಈಗ ಹನ್ನೆರಡು ದಾಟಿದೆ, ಐದು ವರ್ಷದಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾನೆ.

"ಸರ್, ಇನ್ನೊಂದು ವರ್ಷ ಇದ ಲೆವೆಲ್ಲಿನ್ಯಾಗ ಇರಲಿ ಅಂತಾರ್ರೀ ಕೋಚು. ಅವನ ಜೋಡಿ ಹುಡುಗ್ರು ಮ್ಯಾಲ ಹೋಗ್ಯಾರ. ನಾ ಹೋಗಿ ಸ್ವಲ್ಪ ಜೋರು ಮಾಡಿ ಹಾಕಸ್ಲೇನ್ರೀ?"

ನಾನೇನೂ ಕೋಚ್ ಅಲ್ಲ ಸ್ವಾಮಿ. ಆದರೆ ಇದೇ ವಿಷಯದಲ್ಲಿ ಒಂದು ತಪ್ಪು ಮಾಡಿ ಕೂತವನು. ಅವತ್ತು ನಿಂತ ನಿಲುವಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮಗನೂ ಇದೇ ಊರಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದ. ಫ್ಲೋರ್ ಮತ್ತು ವಾಲ್ಟ್‌ನಲ್ಲಿ ಚುರುಕು. ಪೊಮೆಲ್ ಹಾರ್ಸ್ ಅಂದರೆ ಮುಖ ಸಣ್ಣದು ಮಾಡುತ್ತಿದ್ದ. ಹದಿಮೂರು ತುಂಬಿದ ವರ್ಷ ಅವನ ಜೊತೆಯ ಹುಡುಗನನ್ನು ಮೇಲಿನ ಗುಂಪಿಗೆ ಹಾಕಿದರು, ಇವನು ಸ್ವಲ್ಪ ದಿನ ಇಲ್ಲೇ ಇರಲಿ ಅಂದರು. ನನಗೆ ತಡೆಯಲಾಗಲಿಲ್ಲ. ಹೋಗಿ ವಾದ ಮಾಡಿ ಹಾಕಿಸಿದೆ. ಆ ವರ್ಷವೇ ಹುಡುಗ ಸರಸರ ಅಂತ ಉದ್ದವಾದ, ಪ್ಯಾಂಟುಗಳೆಲ್ಲ ಮೊಣಕಾಲಿನ ಕಡೆಗೆ ಏರತೊಡಗಿದವು. ಮಣಿಕಟ್ಟು ನೋವು ಅಂದ. "ಅಭ್ಯಾಸ ಜಾಸ್ತಿ ಆಗಿರಬೇಕು, ಎಣ್ಣೆ ಹಚ್ಚು" ಅಂದೆ. ಆಮೇಲೆ ಅವನು ಹೇಳುವುದನ್ನೇ ಬಿಟ್ಟ. ಆರು ತಿಂಗಳಾದ ಮೇಲೆ ಡಾಕ್ಟರ್ ಹತ್ತಿರ ಹೋದಾಗ ಅಭ್ಯಾಸ ಪೂರ್ತಿ ನಿಲ್ಲಿಸಿ ಅಂದರು. ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಈಗ ಅವನೇ ಒಬ್ಬ ಮಗುವಿನ ಅಪ್ಪ. ಗ್ಯಾಸ್ ಸಿಲಿಂಡರ್ ಎತ್ತುವಾಗ ಈಗಲೂ ಎಡಗೈ ಬಳಸುವುದಿಲ್ಲ. ನನ್ನನ್ನು ಯಾವತ್ತೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಗೊತ್ತಿದ್ದವರನ್ನು ಕೇಳಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಗಂಡು ಹುಡುಗರು ಅತಿ ವೇಗವಾಗಿ ಬೆಳೆಯುವುದು ಸರಾಸರಿ 13-14ರ ಹೊತ್ತಿಗೆ. ಕೆಲವರಿಗೆ 12ಕ್ಕೇ ಬರುತ್ತದೆ, ಕೆಲವರಿಗೆ 15ಕ್ಕೆ. ಆ ಒಂದು ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಬೆಳೆಯುವವರಿದ್ದಾರೆ. ಮೊದಲು ಎಲುಬು ಉದ್ದವಾಗುತ್ತದೆ, ಸ್ನಾಯುವಿನ ಬಲ ಹಿಂದಿನಿಂದ ಬರುತ್ತದೆ. ಎಲುಬಿನ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆದು ಭಾಗ, ಡಾಕ್ಟರುಗಳು ಗ್ರೋತ್ ಪ್ಲೇಟ್ ಅನ್ನುವುದು, ಆಗ ಬಹಳ ನಾಜೂಕು. ಪೊಮೆಲ್ ಹಾರ್ಸ್ ಮೇಲೆ ಇಡೀ ಮೈಭಾರ ಮಣಿಕಟ್ಟಿನ ಮೇಲೆ. ಹೈ ಬಾರ್‌ನಲ್ಲಿ ನಿನ್ನೆಯವರೆಗೆ ಸಲೀಸಾಗಿ ಸುತ್ತುತ್ತಿದ್ದವನಿಗೆ ಇವತ್ತು ಮೈ ಉದ್ದವಾಗಿ ಲೆಕ್ಕವೇ ತಪ್ಪುತ್ತದೆ. ಹುಡುಗ ಸೋಮಾರಿ ಆಗಿದ್ದಾನೆ ಅಂತ ನಾವು ತಿಳಿಯುತ್ತೇವೆ. ಪಾಪ, ಅವನು ಹೊಸ ಮೈಯನ್ನು ಹೊಸದಾಗಿ ಕಲಿಯುತ್ತಿರುತ್ತಾನೆ ಅಷ್ಟೇ.

ನಮ್ಮ ದೇಶದ ಶಾಲಾ ಕ್ರೀಡೆಗಳಲ್ಲಿ ಗುಂಪುಗಳು ವಯಸ್ಸಿನ ಮೇಲೆ: 14ರ ಒಳಗಿನವರು, 17ರ ಒಳಗಿನವರು, 19ರ ಒಳಗಿನವರು. ಅಂದರೆ ಮೈ ಅತಿ ಹೆಚ್ಚು ಗೊಂದಲದಲ್ಲಿರುವ ಹೊತ್ತಿಗೇ ಹುಡುಗ ಹದಿನಾರರ ಹುಡುಗರ ಜೊತೆ ನಿಲ್ಲಬೇಕು. ಅಮೆರಿಕದಲ್ಲಿ ಗಂಡು ಹುಡುಗರಿಗೆ ಕೌಶಲದ ಮೇಲೆ 10ರ ತನಕ ಲೆವೆಲ್‌ಗಳಿವೆ, ಕೆಳಗಿನ ಲೆವೆಲ್‌ಗಳಲ್ಲಿ ಎಲ್ಲರೂ ಗೊತ್ತುಮಾಡಿದ ಒಂದೇ ಆಟ ಮಾಡಬೇಕು. ಅಲ್ಲಿರುವ ನಮ್ಮವರ ಮನೆಗಳಲ್ಲೂ ಇದೇ ಚರ್ಚೆ, ಇದೇ ಅವಸರ. ಪದ್ಧತಿ ಯಾವುದಾದರೂ ಇರಲಿ, ಅಪ್ಪ ಅಮ್ಮ ಒಂದೇ! ಇಲ್ಲಿ ಇನ್ನೊಂದು ಆಸೆಯೂ ಇದೆ, ಹುಟ್ಟಿದ ತಾರೀಖನ್ನೇ ತಿದ್ದಿ ಕೆಳಗಿನ ಗುಂಪಿನಲ್ಲಿ ಉಳಿಸುವುದು. ಅದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2010ರಲ್ಲಿ ನಿಯಮಾವಳಿ ತಂದಿತು. ನಾನು ನಿಧಾನಿಸಿ ಅನ್ನುವುದು ಆ ಅರ್ಥದಲ್ಲಿ ಅಲ್ಲ, ಹೇಳಿಬಿಟ್ಟೆ.

ಬರೀ ಅಂಕದ ಲೆಕ್ಕ ಹಾಕಿದರೂ ಅವಸರ ನಷ್ಟವೇ. 2006ರಿಂದ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಷ್ಟಕ್ಕೆ ಒಂದು ಅಂಕ, ಅಚ್ಚುಕಟ್ಟಿಗೆ 10ರಿಂದ ಶುರುವಾಗುವ ಇನ್ನೊಂದು ಅಂಕ. ಸಿ ದರ್ಜೆಯ ಪಟ್ಟಿಗೆ 0.3, ಅದಕ್ಕಿಂತ ಕಷ್ಟದ ಡಿ ದರ್ಜೆಗೆ 0.4. ಮೇಲೇರಿ ಗಳಿಸಿದ್ದು 0.1. ಆ ಪಟ್ಟು ಹಾಕುವಾಗ ಮೊಣಕಾಲು ಬಾಗಿದರೆ 0.1, 0.3, ಇಲ್ಲ 0.5 ಕಡಿತ. ಬಿದ್ದರೆ ಪೂರ್ತಿ 1 ಅಂಕ ಹೋಯಿತು. ನಾವು ವ್ಯಾಪಾರದ ಊರಿನಲ್ಲಿರುವವರು, ಇದು ಯಾವ ಲಾಭದ ವ್ಯಾಪಾರ ಹೇಳಿ?

ಇನ್ನು ಈ ಅವಸರ ಬಂದದ್ದೆಲ್ಲಿಂದ? 1976ರಲ್ಲಿ 14ರ ಹುಡುಗಿ ನಾದಿಯಾ ಕೊಮನೇಚಿ ಮಾಂಟ್ರಿಯಲ್‌ನಲ್ಲಿ ಹತ್ತಕ್ಕೆ ಹತ್ತು ತೆಗೆದದ್ದು ನಮ್ಮ ತಲೆಮಾರಿನ ತಲೆಯಲ್ಲಿ ಕೂತುಬಿಟ್ಟಿದೆ. ಜಿಮ್ನಾಸ್ಟಿಕ್ಸ್ ಅಂದರೆ ಮಕ್ಕಳಾಟ, ಹದಿನೈದಕ್ಕೆ ಮುಗಿಯಿತು ಅಂತ. ಆದರೆ ಗಂಡಸರ ಆರು ವಿಭಾಗಗಳ ಆಟವೇ ಬೇರೆ. ರಿಂಗ್ಸ್ ಮೇಲೆ ಶಿಲುಬೆಯ ಹಾಗೆ ಕೈ ಚಾಚಿ ನಿಲ್ಲುವ ಬಲ ಮೀಸೆ ಬಂದ ಮೇಲೆ ಬರುವಂಥದ್ದು. ಇವತ್ತಿನ ನಿಯಮದಲ್ಲಿ ಒಲಿಂಪಿಕ್ಸ್‌ನಂಥ ಹಿರಿಯರ ಸ್ಪರ್ಧೆಗೆ ಹೆಂಗಸರಿಗೆ 16 ಆಗಬೇಕು, ಗಂಡಸರಿಗೆ 18. ಇಟಲಿಯ ಯೂರಿ ಕೆಕಿ 2004ರ ಅಥೆನ್ಸ್‌ನಲ್ಲಿ ರಿಂಗ್ಸ್ ಕಂಚು ಗೆದ್ದಾಗ ಅವನಿಗೆ 34. ಬಲ್ಗೇರಿಯಾದ ಯೋರ್ದಾನ್ ಯೋವ್ಚೆವ್ 39ಕ್ಕೆ ಲಂಡನ್‌ನಲ್ಲಿ ತನ್ನ ಆರನೇ ಒಲಿಂಪಿಕ್ಸ್ ಆಡಿದ. ಫಿಲಿಪೈನ್ಸ್‌ನ ಕಾರ್ಲೋಸ್ ಯೂಲೋ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಚಿನ್ನ ಗೆದ್ದಾಗ 24. ದೂರ ಯಾಕೆ, ನಮ್ಮ ಹೈದರಾಬಾದಿನ ಅರುಣಾ ರೆಡ್ಡಿ 2018ರ ಮೆಲ್ಬೋರ್ನ್ ವಿಶ್ವಕಪ್‌ನಲ್ಲಿ ವಾಲ್ಟ್ ಕಂಚು ಗೆದ್ದು, ವಿಶ್ವಕಪ್‌ನಲ್ಲಿ ವೈಯಕ್ತಿಕ ಪದಕ ತಂದ ಮೊದಲ ಭಾರತೀಯಳಾದಾಗ ಅವಳಿಗೆ 22 ಆಗಿತ್ತು. ಹೆಣ್ಣುಮಗಳೇ 22ಕ್ಕೆ ಅರಳಬಹುದಾದರೆ ನಮ್ಮ ಹುಡುಗನಿಗೆ 13ಕ್ಕೇ ಏನು ಗಡಿಬಿಡಿ?

ಗಡಿಬಿಡಿ ಈ ಊರಿನ ಗಾಳಿಯಲ್ಲೇ ಇದೆ ಅನ್ನಿ. ಆರನೇ ಕ್ಲಾಸಿಗೇ ಐಐಟಿ ಫೌಂಡೇಶನ್, ಎಂಟಕ್ಕೆ ಹತ್ತರ ಪಾಠ. ಮುಂದಿನದ್ದನ್ನು ಇವತ್ತೇ ಮುಗಿಸಿದವನೇ ಜಾಣ. ಲೆಕ್ಕದಲ್ಲಿ ತಪ್ಪಿದರೆ ರಬ್ಬರಿನಿಂದ ಅಳಿಸಬಹುದು. ಹೈ ಬಾರ್‌ನಿಂದ ತಪ್ಪಿದರೆ?

ನಮ್ಮೂರ ಕಡೆ ಗರಡಿ ಮನೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಿದ್ದದ್ದು ನಿಮಗೂ ನೆನಪಿರಬಹುದು. ಹುಡುಗರೆಲ್ಲ ದೊಡ್ಡ ಕಲ್ಲಿನ ಕಡೆಗೇ ನೋಡುತ್ತಿದ್ದರು. ಉಸ್ತಾದರು ಸಣ್ಣ ಕಲ್ಲನ್ನೇ ಮತ್ತೆ ಮತ್ತೆ ಎತ್ತಿಸುತ್ತಿದ್ದರು. ಎತ್ತಿದ್ದನ್ನಲ್ಲ, ಇಳಿಸುವುದನ್ನು ನೋಡುತ್ತಿದ್ದರು. ಧಪ್ ಅಂತ ಬಿಟ್ಟವನಿಗೆ ದೊಡ್ಡ ಕಲ್ಲು ಇಲ್ಲ. ಅಪ್ಪಂದಿರು ಗರಡಿಯ ಹೊಸ್ತಿಲಾಚೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು.

ಗೆಳೆಯರೇ, ನನ್ನ ಅಭಿಪ್ರಾಯ ಇಷ್ಟು. ಹುಡುಗನ ಅತ್ಯುತ್ತಮ ವಿಭಾಗ ನೋಡಿ ಮೇಲೇರಿಸಬೇಡಿ, ಆರರಲ್ಲಿ ಅತಿ ಹಿಂದಿರುವುದನ್ನು ನೋಡಿ. ಸ್ಪರ್ಧೆಯ ದಿನ ಒಮ್ಮೆ ಚೆನ್ನಾಗಿ ಮಾಡಿದ್ದು ಲೆಕ್ಕಕ್ಕಿಲ್ಲ, ಸುಸ್ತಾದ ಸಂಜೆಯಲ್ಲೂ ಅದೇ ಅಚ್ಚುಕಟ್ಟು ಇದೆಯಾ ನೋಡಿ. ಮನೆಯ ಗೋಡೆಯ ಮೇಲೆ ಪ್ರತಿ ತಿಂಗಳು ಅವನ ಎತ್ತರದ ಗೆರೆ ಎಳೆಯಿರಿ. ಗೆರೆಗಳ ನಡುವಿನ ಅಂತರ ಇದ್ದಕ್ಕಿದ್ದಂತೆ ಹೆಚ್ಚಿದರೆ, ಅದು ತಗ್ಗುವ ತನಕ ಹೊಸ ಲೆವೆಲ್ ಬೇಡ, ಕಲಿತದ್ದನ್ನೇ ತಿದ್ದಿಕೊಳ್ಳಲಿ. ಮಣಿಕಟ್ಟು, ಹಿಮ್ಮಡಿ, ಮೊಣಕಾಲು ನೋವು ಅಂದರೆ ಎಣ್ಣೆ ಹಚ್ಚಿ ಕಳಿಸಬೇಡಿ, ಡಾಕ್ಟರಿಗೆ ತೋರಿಸಿ. ಕೊನೆಗೆ ಹುಡುಗನನ್ನೇ ಕೇಳಿ, ಕೋಚ್ ಎದುರಿಗೆ ಬೇಡ, ನಿಮ್ಮ ಎದುರಿಗೂ ಬೇಡ. ಅವರಮ್ಮ ಊಟಕ್ಕೆ ಬಡಿಸುವಾಗ ಕೇಳಲಿ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಪದಕ ಬರುತ್ತಲೇ ಇರಲಿ ಅಂತ ಪಳಗಿದ ಹುಡುಗನನ್ನು ಕೆಳಗಿನ ಲೆವೆಲ್ಲಿನಲ್ಲೇ ಕಟ್ಟಿಹಾಕುವ ಕೋಚಿಂಗ್ ಸೆಂಟರುಗಳೂ ಇವೆ. ಅದೂ ಅನ್ಯಾಯವೇ. ಹುಡುಗನಿಗೂ ಬೇಜಾರು, ಅವನ ಎದುರು ಸೋಲುವ ಚಿಕ್ಕವರಿಗೂ ಮೋಸ. ಹಾಗಾಗಿ "ಇನ್ನೊಂದು ವರ್ಷ" ಅಂದ ಕೋಚನ್ನು ಒಂದೇ ಪ್ರಶ್ನೆ ಕೇಳಿ: ಈ ವರ್ಷದಲ್ಲಿ ಅವನು ಏನು ಕಲಿಯಬೇಕು? ಉತ್ತರವಿದ್ದರೆ ನಂಬಿ ಬಿಡಿ. ಉತ್ತರವಿಲ್ಲದಿದ್ದರೆ ಆಗ ಬೇಕಾದರೆ ಜೋರು ಮಾಡಿ.

ಸಿಂಧನೂರಿನ ಗೆಳೆಯರು ಇದನ್ನು ಓದುತ್ತಾರೆ ಅಂತ ಗೊತ್ತು. ನಿಮ್ಮ ಕೋಚ್ ಕಾಯೋಣ ಅಂದಿದ್ದಾರಲ್ಲ, ಪುಣ್ಯ ಮಾಡಿದ್ದೀರಿ ಅನ್ನಿ. ನನಗೂ ಒಬ್ಬರು ಹಾಗೆ ಹೇಳಿದ್ದರು, ನಾನೇ ಕೇಳಲಿಲ್ಲ.

ನೀವೇನಂತೀರಿ?