37 ಕೆ.ಜಿ. ಸಿಕ್ಕಿತು ಸರಿ, ಚಿಕಿತ್ಸೆ ಮುಗಿಸಿ ಬಂದ ಹುಡುಗ ಮತ್ತೆ ಜಾರುವುದು ಯಾಕೆ?

ಮಂಗಳೂರು: 2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಬಂಧಿಸಿ 37.87 ಕೆ.ಜಿ. ಎಂಡಿಎಂಎ ವಶಪಡಿಸಿಕೊಂಡರು. ಪೊಲೀಸರ ಲೆಕ್ಕದಲ್ಲಿ ಅದರ ಮೌಲ್ಯ 75 ಕೋಟಿ ರೂಪಾಯಿ. ಕರಾವಳಿಯಲ್ಲಿ ಡ್ರಗ್ಸ್ ಮಾತು ಬಂದರೆ ಇವತ್ತಿಗೂ ಲೆಕ್ಕ ಹೀಗೇ: ಎಷ್ಟು ಕೆ.ಜಿ., ಎಷ್ಟು ಕೋಟಿ, ಎಷ್ಟು ಮಂದಿ ಒಳಗೆ. ಅದು ಬೇಕಾದ ಲೆಕ್ಕವೇ. ಆದರೆ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದು, ದುಡ್ಡು ಸುರಿದು, ಮನೆಗೆ ಬಂದ ಹುಡುಗ ಮತ್ತೆ ಅದೇ ದಾರಿ ಹಿಡಿದಾಗ ಮನೆಯವರು ಕೇಳುವ ಪ್ರಶ್ನೆಗೆ ಆ ಲೆಕ್ಕದಲ್ಲಿ ಉತ್ತರ ಸಿಗಲ್ಲ. "ಅವನಿಗೆ ಮನಸ್ಸೇ ಇಲ್ಲ" ಅಂತ ಊರಿನವರು ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ.

ಮೆದುಳಿನ ವಿಜ್ಞಾನ ಅಷ್ಟು ಸುಲಭಕ್ಕೆ ಮುಗಿಸುವುದಿಲ್ಲ. ಎಂಡಿಎಂಎ ರಾಸಾಯನಿಕವಾಗಿ ಮೆಥಾಂಫೆಟಮೈನ್‌ನ ಬಳಗದ್ದು. ಎರಡೂ ಒಂದೇ ಅಲ್ಲ, ಆದರೆ ಚಟ ಮತ್ತು ತುಡಿತದ ಬಗ್ಗೆ ಹೆಚ್ಚು ಅಧ್ಯಯನ ನಡೆದಿರುವುದು ಮೆಥ್, ಅಂದರೆ ಬೀದಿಯಲ್ಲಿ 'ಐಸ್', 'ಕ್ರಿಸ್ಟಲ್' ಎನ್ನುವ ಮಾಲಿನ ಮೇಲೆ. ಅದು ನರಕೋಶದೊಳಗೆ ಹೊಕ್ಕು ಅಲ್ಲಿ ದಾಸ್ತಾನಿರುವ ಡೋಪಮೈನನ್ನು ಹೊರಗೆ ಸುರಿಸುತ್ತದೆ, ಸುರಿದದ್ದು ವಾಪಸ್ ಹೋಗದಂತೆಯೂ ತಡೆಯುತ್ತದೆ. ಊಟ, ಗೆಳೆತನ, ಗೆಲುವು ಯಾವುದೂ ಕೊಡದಷ್ಟು ದೊಡ್ಡ ಅಲೆ ಅದು.

ಅಸಲಿ ಸಮಸ್ಯೆ ಶುರುವಾಗುವುದು ಇದಾದ ಮೇಲೆ. ಡೋಪಮೈನ್ ಬರೀ ಖುಷಿಯ ರಾಸಾಯನಿಕ ಅಲ್ಲ, ಮೆದುಳಿಗೆ ಪಾಠ ಕಲಿಸುವ ಮೇಷ್ಟ್ರು ಕೂಡ. ಡ್ರಗ್ ಸೇವಿಸುವ ಮುಂಚೆ ಪ್ರತಿ ಸಲ ಏನು ಕಾಣುತ್ತಿತ್ತೋ, ಅದನ್ನು ಮೆದುಳು ಗುರುತು ಹಾಕಿ ಇಟ್ಟುಕೊಳ್ಳುತ್ತದೆ. ಲೈಟರ್, ಫಾಯಿಲ್ ಹಾಳೆ, ಒಂದು ಓಣಿ, ಒಂದು ಫೋನ್ ನಂಬರ್, ಸಂಬಳದ ದಿನ. ಕೆಲವು ಕಾಲದ ನಂತರ ಡ್ರಗ್ ಕೈಗೆ ಬರುವ ಮೊದಲೇ ಈ ಗುರುತುಗಳೇ ತುಡಿತವನ್ನು ಎಬ್ಬಿಸುತ್ತವೆ. ವ್ಯಸನಿಗಳನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಪುಡಿ, ಪೈಪ್‌ಗಳ ಚಿತ್ರ ತೋರಿಸಿದ ಅಧ್ಯಯನಗಳಲ್ಲಿ ಸ್ಟ್ರಯಾಟಮ್, ಅಮಿಗ್ಡಲ, ಇನ್ಸುಲಾದಂಥ ಭಾಗಗಳು ಚುರುಕಾಗುವುದು ಕಂಡಿದೆ. ಹೂವು, ಕುರ್ಚಿಯ ಚಿತ್ರಕ್ಕೆ ಹಾಗಾಗುವುದಿಲ್ಲ. ಇನ್ನೊಂದು ಕಡೆ, 'ಬೇಡ, ನಿಲ್ಲು' ಎನ್ನಬೇಕಾದ ಹಣೆಯ ಹಿಂದಿನ ಭಾಗ ದೀರ್ಘಕಾಲದ ಸೇವನೆಯಿಂದ ಸೊರಗಿರುತ್ತದೆ. ಎಕ್ಸಲರೇಟರ್ ತುಳಿದಾಗಿದೆ, ಬ್ರೇಕ್ ಮಾತ್ರ ಸಡಿಲ.

ಚಿಕಿತ್ಸಾ ಕೇಂದ್ರದ ನಾಲ್ಕು ಗೋಡೆಯೊಳಗೆ ಈ ಗುರುತುಗಳು ಕಾಣುವುದೇ ಇಲ್ಲ. ಹಾಗಾಗಿ ಹುಡುಗ ಶಾಂತವಾಗಿರುತ್ತಾನೆ, ಎಲ್ಲರೂ 'ಸರಿ ಹೋದ' ಅಂದುಕೊಳ್ಳುತ್ತಾರೆ. ಆದರೆ ಒಂದು ಜಾಗದಲ್ಲಿ ತಣ್ಣಗಾದ ತುಡಿತ ಹಳೇ ಜಾಗಕ್ಕೆ ಕಾಲಿಟ್ಟ ಕೂಡಲೇ ಮತ್ತೆ ಏಳುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಪದೇಪದೇ ಸಾಬೀತಾಗಿದೆ. ಅಷ್ಟೇ ಅಲ್ಲ, ಬಿಟ್ಟ ಮೊದಲ ವಾರಗಳಿಗಿಂತ ಕೆಲವು ವಾರ, ತಿಂಗಳು ಕಳೆದ ಮೇಲೆ ಗುರುತು ಕಂಡಾಗಿನ ತುಡಿತ ಇನ್ನೂ ಜೋರಾಗಬಹುದು. ಮನೆಯವರು ನಿರಾಳವಾಗಿ ಉಸಿರು ಬಿಡುವ ಹೊತ್ತು, ಕೈಗೆ ಮೊಬೈಲ್, ಬೈಕ್ ಕೀ ವಾಪಸ್ ಕೊಡುವ ಹೊತ್ತು ಅದೇ ಆಗಿರುತ್ತೆ.

ಜಾಗ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಅಲ್ಲಿ ಡ್ರಗ್ ಬೇರೆ, ಹೆರಾಯಿನ್. ವಿಯೆಟ್ನಾಂನಿಂದ 1971ರಲ್ಲಿ ವಾಪಸಾದ ಅಮೆರಿಕನ್ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದರು. ಅಲ್ಲಿ ಚಟಕ್ಕೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಕಾರಣ ಹಲವಿದ್ದವು. ಆದರೆ ಚಟ ಹತ್ತಿದ ಜಾಗ, ಜೊತೆಗಾರರು, ಮಾಲು ಸಿಗುವ ದಾರಿ ಎಲ್ಲವೂ ಸಾವಿರಾರು ಮೈಲಿ ಹಿಂದೆ ಉಳಿದದ್ದು ದೊಡ್ಡ ಕಾರಣ ಎಂದು ತಜ್ಞರು ಹೇಳುತ್ತಾರೆ. ನಮ್ಮ ಹುಡುಗರದ್ದು ಇದಕ್ಕೆ ಸರಿಯಾಗಿ ಉಲ್ಟಾ. ಹತ್ತಿದ್ದೂ ಊರಲ್ಲೇ, ವಾಪಸ್ ಬರುವುದೂ ಅದೇ ಊರಿಗೇ.

ಹಾಗಂತ ಕೈಚೆಲ್ಲಬೇಕಿಲ್ಲ. ನೋರಾ ವೋಲ್ಕೋ ತಂಡ 2001ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಮೆಥ್ ಬಿಟ್ಟು ವರ್ಷ ದಾಟಿದವರ ಮೆದುಳಿನಲ್ಲಿ ನಷ್ಟವಾಗಿದ್ದ ಡೋಪಮೈನ್ ವ್ಯವಸ್ಥೆ ಬಹುಪಾಲು ಚೇತರಿಸಿಕೊಂಡದ್ದು ಕಂಡಿತು. ಮೆಥ್ ಚಟಕ್ಕೆಂದೇ ಅಧಿಕೃತ ಔಷಧ ಇನ್ನೂ ಇಲ್ಲ. ನಾಲ್ಟ್ರೆಕ್ಸೋನ್, ಬುಪ್ರೋಪಿಯಾನ್ ಎರಡನ್ನೂ ಸೇರಿಸಿ ಕೊಟ್ಟ 2021ರ ಅಮೆರಿಕದ ಪ್ರಯೋಗದಲ್ಲಿ ಗುಣ ಕಂಡವರು ಶೇ. 13.6. ಸದ್ಯಕ್ಕೆ ಹೆಚ್ಚು ಫಲ ಕೊಟ್ಟಿರುವುದು ಪ್ರತಿ ಕ್ಲೀನ್ ಮೂತ್ರ ಪರೀಕ್ಷೆಗೆ ಸಣ್ಣ ಬಹುಮಾನ ಕೊಡುವ ಕ್ರಮ. ನಮ್ಮಲ್ಲಿ ಇದನ್ನು ಹೇಳಿದರೆ ನಗುವವರೇ ಜಾಸ್ತಿ!

ಇನ್ನು ಜಾಗೃತಿಯ ಹೆಸರಲ್ಲಿ ನಡೆಯುವುದನ್ನೂ ನೋಡಬೇಕು. ಜೂನ್ 26 ಬಂತೆಂದರೆ ಸಿರಿಂಜ್, ಬಿಳಿ ಪುಡಿ, ಹೊಗೆಯ ಚಿತ್ರವಿರುವ ಬ್ಯಾನರ್‌ಗಳು. ಸುದ್ದಿಗಳಲ್ಲೂ ಅಷ್ಟೇ, ಮೇಜಿನ ಮೇಲೆ ಪ್ಯಾಕೆಟ್ ಹರಡಿದ ಫೋಟೋ. ಸ್ಕ್ಯಾನರ್‌ನಲ್ಲಿ ತುಡಿತ ಎಬ್ಬಿಸಲು ಬಳಸುವುದು ಇಂಥದ್ದೇ ಚಿತ್ರಗಳನ್ನು. ಹೊಸಬರಿಗೆ ಅದು ಎಚ್ಚರಿಕೆ ಇರಬಹುದು, ಬಿಡಲು ಹೆಣಗುತ್ತಿರುವವನಿಗೆ ಅದು ಬೇರೇನೋ.

ಕಾನೂನಿನಲ್ಲಿ ಒಂದು ಬಾಗಿಲಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಉಂಟು. ಎಂಡಿಎಂಎಗೆ 'ಸಣ್ಣ ಪ್ರಮಾಣ' ಅಂದರೆ ಅರ್ಧ ಗ್ರಾಂ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ರಕ್ಷಣೆ ವಾಪಸ್ ಹೋಗಬಹುದು. ಸಲಹೆಗೆ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446 ಇದೆ, ಟೆಲಿ ಮಾನಸ್ 14416 ಇದೆ. ಡಿಸ್ಚಾರ್ಜ್ ಆಗಿ ಎರಡು ಮೂರು ತಿಂಗಳಾದ ಮೇಲೂ, 'ಈಗ ಸರಿ ಇದ್ದಾನಲ್ಲ' ಅನ್ನಿಸುವ ಹೊತ್ತಲ್ಲೂ, ಮನೆಯವರು ಈ ನಂಬರ್‌ಗಳಿಗೆ ಕರೆ ಮಾಡಬಹುದು.