ಮಾಧವಿಯ ಕತೆ ಯಾರದು?

ಪುರಾಣಗಳನ್ನು ಹೆಣ್ಣಿನ ಕಣ್ಣಿನಿಂದ ಮರಳಿ ಹೇಳುವ ಕಾದಂಬರಿಗಳು ಬಂದಾಗಲೆಲ್ಲ ‘ಮೂಲವನ್ನು ತಿರುಚಿದ್ದಾರೆ’ ಎಂಬ ಆಕ್ಷೇಪ ಏಳುತ್ತದೆ. ಆಕ್ಷೇಪಿಸುವವರು ಒಮ್ಮೆ ಮಹಾಭಾರತದ ಉದ್ಯೋಗಪರ್ವದಲ್ಲಿರುವ ಮಾಧವಿಯ ಪ್ರಸಂಗವನ್ನು ಓದಬೇಕೆಂಬುದು ನನ್ನ ಕೋರಿಕೆ.

ಒಂದು ಕಿವಿ ಮಾತ್ರ ಕಪ್ಪಾಗಿರುವ 800 ಬಿಳಿಯ ಕುದುರೆಗಳನ್ನು ಗುರುದಕ್ಷಿಣೆಯಾಗಿ ತರುವಂತೆ ವಿಶ್ವಾಮಿತ್ರ ತನ್ನ ಶಿಷ್ಯ ಗಾಲವನಿಗೆ ಹೇಳುತ್ತಾನೆ. ನೆರವು ಬೇಡಿ ಬಂದ ಗಾಲವನಿಗೆ, ಕುದುರೆಗಳಿಲ್ಲದ ಯಯಾತಿ ಮಗಳು ಮಾಧವಿಯನ್ನೇ ಕೊಟ್ಟುಬಿಡುತ್ತಾನೆ. ಗಾಲವ ಅವಳನ್ನು ಹರ್ಯಶ್ವ, ದಿವೋದಾಸ, ಉಶೀನರ ಎಂಬ ಮೂವರು ರಾಜರಿಗೆ ಸರದಿಯಂತೆ ಒಪ್ಪಿಸುತ್ತಾನೆ. ಒಬ್ಬೊಬ್ಬನಿಗೂ ಒಂದೊಂದು ಗಂಡುಮಗು, ಪ್ರತಿಯಾಗಿ ತಲಾ 200 ಕುದುರೆ. ಉಳಿದ 200 ಎಲ್ಲಿಯೂ ಸಿಗದಿದ್ದಾಗ ಗುರುವೇ ಅವುಗಳ ಬದಲು ಅವಳನ್ನು ಸ್ವೀಕರಿಸುತ್ತಾನೆ. ಮೊದಲೇ ಕರೆತಂದಿದ್ದರೆ ನಾಲ್ವರು ಮಕ್ಕಳೂ ತನಗೇ ಆಗುತ್ತಿದ್ದರಲ್ಲ ಎಂಬ ಕೊರಗು ಬೇರೆ! ಕೊನೆಗೆ ಯಯಾತಿ ಸ್ವಯಂವರ ಏರ್ಪಡಿಸಿದಾಗ ಮಾಧವಿ ನೆರೆದವರನ್ನೆಲ್ಲ ಬಿಟ್ಟು ಅರಣ್ಯವನ್ನು ವರಿಸುತ್ತಾಳೆ.

ಇಷ್ಟೂ ಮೂಲದಲ್ಲಿಯೇ ಇದೆ. ಆದರೆ ನಾರದರು ಕೌರವಸಭೆಯಲ್ಲಿ ದುರ್ಯೋಧನನಿಗೆ ಇದನ್ನು ಹೇಳುವುದು ಹಟದ ಕೇಡನ್ನು ತಿಳಿಸಲು. ಅಂದರೆ ಕತೆ ಗಾಲವನ ಹಟದ್ದು, ಮುಂದೆ ಯಯಾತಿಯ ಅಹಂಕಾರದ್ದು. ಮಾಧವಿ ಅದರಲ್ಲಿ ಕೈಯಿಂದ ಕೈಗೆ ದಾಟುವ ನಾಣ್ಯ. ಅವಳನ್ನು ಅಂಚಿನಿಂದ ನಡುವಿಗೆ ತಂದವರು ನಮ್ಮ ಕಾಲದವರು: ಕನ್ನಡದಲ್ಲಿ ‘ಮಾಧವಿ’ ಕಾದಂಬರಿ ಬರೆದ ಅನುಪಮಾ ನಿರಂಜನ, ಹಿಂದಿಯಲ್ಲಿ ಅದೇ ಹೆಸರಿನ ನಾಟಕ ರಚಿಸಿದ ಭೀಷ್ಮ ಸಾಹನಿ. ಒಂದು ಘಟನೆಯನ್ನೂ ಬದಲಿಸದೆ, ಇದು ಯಾರ ಕತೆ ಎಂದು ಕೇಳಿದರೂ ಸಾಕು, ಗುರುಭಕ್ತಿ, ದಾನ, ವಚನಪಾಲನೆ ಎಂಬ ದೊಡ್ಡ ಮಾತುಗಳ ಬೆಲೆಯನ್ನು ತೆತ್ತವರು ಯಾರೆಂಬುದು ಕಾಣಿಸುತ್ತದೆ.

ಇನ್ನು ಬದಲಾವಣೆಯ ಮಾತು. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಕುವೆಂಪು ಸೀತೆಯೊಡನೆ ರಾಮನನ್ನೂ ಅಗ್ನಿಪ್ರವೇಶ ಮಾಡಿಸಿದರು. ವಾಲ್ಮೀಕಿಯಲ್ಲಿ ಇಲ್ಲದ ಈ ಮಾರ್ಪಾಟನ್ನು ನಾವು ದರ್ಶನವೆಂದೇ ಗೌರವಿಸುತ್ತೇವೆ. ಕೃತಿಗೆ 1967ರ ಸಾಲಿನ ಜ್ಞಾನಪೀಠವೂ ಸಂದಿತು. ಬರೆದವರು ಹೆಣ್ಣಾದಾಗ ಅದೇ ಸ್ವಾತಂತ್ರ್ಯ ಅಪಚಾರವಾಗುವುದು ಹೇಗೆ?

ಹಾಗೆಂದು ಇಂತಹ ಬರಹಗಳೆಲ್ಲ ನನಗೆ ಒಪ್ಪಿತವೆಂದಲ್ಲ. ಇತ್ತೀಚಿನ ಹಲವು ಕಾದಂಬರಿಗಳಲ್ಲಿ ಸೀತೆ, ದ್ರೌಪದಿಯರು ವೇದಿಕೆ ಏರಿದ ಭಾಷಣಕಾರರಂತೆ ಮಾತನಾಡುತ್ತಾರೆ. ಪುರುಷರೆಲ್ಲ ಏಕಪ್ರಕಾರವಾಗಿ ದುಷ್ಟರು. ಸಿಟ್ಟು ನ್ಯಾಯವಾದದ್ದೇ, ಆದರೆ ಪಾತ್ರ ಉಳಿಯುವುದಿಲ್ಲ. 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವೋಲ್ಗಾ ಅವರ ತೆಲುಗು ಕಥಾಸಂಕಲನ ‘ವಿಮುಕ್ತ’ದ ದಾರಿ ಬೇರೆ. ಅಲ್ಲಿ ಮೂಗು ಕಳೆದುಕೊಂಡ ಶೂರ್ಪನಖಿ ಸೊಗಸಾದ ತೋಟವೊಂದನ್ನು ಬೆಳೆಸಿಕೊಂಡಿದ್ದಾಳೆ. ಪರಿತ್ಯಕ್ತೆ ಸೀತೆ ಅವಳನ್ನು ಕಾಣಲು ಹೋಗುತ್ತಾಳೆ. ಯಾವ ರಾಮಾಯಣವೂ ಸವತಿಮತ್ಸರದಾಚೆಗೆ ಊಹಿಸದಿದ್ದ ಇಬ್ಬರು ಹೆಂಗಸರು ಅಲ್ಲಿ ಕುಳಿತು, ಸಮಾಧಾನವಾಗಿ, ತಮ್ಮ ಬದುಕಿನ ಬಗ್ಗೆ ಮಾತನಾಡಿಕೊಳ್ಳುತ್ತಾರೆ.